ಹಳೆ ಪುಸ್ತಕದ ದುಡ್ಡಿನಲ್ಲಿ ಲೇಖಕನ ಪಾಲೆಷ್ಟು?

2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್ ಕೊಟ್ಟ ಆದೇಶವೊಂದು ಪುಸ್ತಕ ಪ್ರಿಯರನ್ನು ಗೊಂದಲಕ್ಕೆ ಕೆಡವಿತು. ಆಂಥ್ರೊಪಿಕ್ ಎಂಬ ಎಐ ಕಂಪನಿ ತನ್ನ ಮಾಡೆಲ್‌ಗಳಿಗೆ ತರಬೇತಿ ಕೊಡಲು ಎರಡು ದಾರಿಯಲ್ಲಿ ಪುಸ್ತಕ ಕೂಡಿಹಾಕಿತ್ತು. ಒಂದು, ಪೈರಸಿ ತಾಣಗಳಿಂದ 70 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಬಿಟ್ಟಿ ಇಳಿಸಿಕೊಂಡದ್ದು. ಇನ್ನೊಂದು, ಹತ್ತಾರು ಲಕ್ಷ ಅಚ್ಚಿನ ಪುಸ್ತಕಗಳನ್ನು ಕೊಂಡು, ಬೈಂಡಿಂಗ್ ಕಿತ್ತು, ಹಾಳೆ ಕತ್ತರಿಸಿ, ಸ್ಕ್ಯಾನ್ ಮಾಡಿ, ಕಾಗದವನ್ನು ಎಸೆದದ್ದು. ಹಾಗೆ ಕೊಂಡವುಗಳಲ್ಲಿ ಅನೇಕವು ಸೆಕೆಂಡ್ ಹ್ಯಾಂಡ್. ಕೊಂಡು ಸ್ಕ್ಯಾನ್ ಮಾಡಿದ್ದು ಕಾನೂನಿಗೆ ಒಪ್ಪುತ್ತದೆ, ಬಿಟ್ಟಿ ಇಳಿಸಿಕೊಂಡು ಇಟ್ಟುಕೊಂಡದ್ದು ಒಪ್ಪುವುದಿಲ್ಲ ಎಂದಿತು ಕೋರ್ಟು. ಬಿಟ್ಟಿ ಇಳಿಸಿಕೊಂಡ ಆ ತಪ್ಪಿಗಾಗಿ ಕಂಪನಿ 150 ಕೋಟಿ ಡಾಲರ್ ಕೊಡುವ ರಾಜಿಗೆ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಸುಮಾರು 5 ಲಕ್ಷ ಪುಸ್ತಕಗಳು, ತಲಾ ಸುಮಾರು 3,000 ಡಾಲರ್.

ಎಐ ತರಬೇತಿ ನ್ಯಾಯವೋ ಅನ್ಯಾಯವೋ ಎಂಬ ಜಗಳ ದೊಡ್ಡದು, ಅದನ್ನು ಇಲ್ಲಿ ಬದಿಗಿಡೋಣ. ಓದುಗರ ತಲೆ ಕೆಡಿಸಿದ್ದು ಅದಕ್ಕಿಂತ ಸಣ್ಣ ಪ್ರಶ್ನೆ. ಪೈರಸಿ ಪ್ರತಿ ಇಳಿಸಿಕೊಂಡರೆ ಲೇಖಕನಿಗೆ ಬರುವುದು ಸೊನ್ನೆ. ಹಳೆ ಪುಸ್ತಕ ಕೊಂಡರೂ ಲೇಖಕನಿಗೆ ಬರುವುದು ಸೊನ್ನೆಯೇ. ಹಾಗಿದ್ದ ಮೇಲೆ ಒಂದು ಕಳವು, ಇನ್ನೊಂದು ವ್ಯಾಪಾರ ಆದದ್ದು ಹೇಗೆ? ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ 50 ರೂಪಾಯಿಗೆ ಕಾದಂಬರಿ ಎತ್ತಿಕೊಳ್ಳುವವರು ಲೇಖಕನ ಅನ್ನ ಕಸಿಯುತ್ತಿದ್ದಾರೆಯೇ?

ಪ್ರತಿ ಬೇರೆ, ಕೃತಿ ಬೇರೆ

ಒಂದು ಪುಸ್ತಕದಲ್ಲಿ ಎರಡು ಸೊತ್ತುಗಳಿವೆ. ಕಾಗದ, ಅಂಟು, ರಟ್ಟು ಸೇರಿದ ವಸ್ತು ಒಂದು. ಅದರೊಳಗಿನ ಬರಹ ಇನ್ನೊಂದು. ಅಂಗಡಿಯಲ್ಲಿ ದುಡ್ಡು ಕೊಟ್ಟವನದಾಗುವುದು ಮೊದಲನೆಯದು ಮಾತ್ರ. ಅದನ್ನು ಅವನು ಓದಬಹುದು, ಓದದೆ ಕಪಾಟಿನಲ್ಲಿಡಬಹುದು, ಸ್ನೇಹಿತನಿಗೆ ಕೊಟ್ಟು ವಾಪಸ್ ಬಾರದೆ ಕೊರಗಬಹುದು, ರದ್ದಿಯವನಿಗೆ ತೂಕದ ಲೆಕ್ಕದಲ್ಲಿ ಹಾಕಬಹುದು. ಇನ್ನೊಂದು ಪ್ರತಿ ಮಾಡಿ ಹಂಚುವ ಹಾಗಿಲ್ಲ, ಅಷ್ಟೆ.

ಈ ಗೆರೆಯನ್ನು ಸ್ಪಷ್ಟವಾಗಿ ಎಳೆದದ್ದು ಅಮೆರಿಕದ ಸುಪ್ರೀಂ ಕೋರ್ಟಿನ 1908ರ ತೀರ್ಪು. ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಕಾದಂಬರಿಯೊಂದರಲ್ಲಿ, ಇದನ್ನು 1 ಡಾಲರಿಗಿಂತ ಕಡಿಮೆಗೆ ಮಾರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಮಳಿಗೆ 89 ಸೆಂಟಿಗೆ ಮಾರಿತು. ಮೊದಲ ಸಲ ಮಾರಿದ ಕೂಡಲೇ ಆ ಪ್ರತಿಯ ಮೇಲೆ ಪ್ರಕಾಶಕನ ಹಿಡಿತ ಮುಗಿಯಿತು, ಆಮೇಲೆ ಅದು ಯಾರ ಕೈಗೆ ಯಾವ ಬೆಲೆಗೆ ಹೋಗಬೇಕೆಂದು ಅವನು ಹೇಳುವ ಹಾಗಿಲ್ಲ ಎಂದಿತು ಕೋರ್ಟು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಇದೇ ಮಾತನ್ನು ಬೇರೆ ರೀತಿ ಹೇಳುತ್ತದೆ. ಜನರಿಗೆ ಪ್ರತಿಗಳನ್ನು ಒದಗಿಸುವ ಹಕ್ಕು ಲೇಖಕನದು, ಆದರೆ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳಿಗೆ ಅದು ಅನ್ವಯಿಸುವುದಿಲ್ಲ. ಒಮ್ಮೆ ಮಾರಾಟವಾದ ಪ್ರತಿಯನ್ನು ಚಲಾವಣೆಯಲ್ಲಿರುವ ಪ್ರತಿಯೆಂದೇ ಎಣಿಸಬೇಕು.

ಹಾಗಾಗಿ ಕಾನೂನು ನೋಡುವುದು ಪ್ರತಿಗಳ ಎಣಿಕೆಯನ್ನು. ಸಾವಿರ ಪ್ರತಿ ಅಚ್ಚಾಗಿದ್ದರೆ, ಅವು ಹತ್ತು ಕೈ ದಾಟಿದರೂ ಸಾವಿರವೇ. ಆ ಸಾವಿರಕ್ಕೂ ಲೇಖಕನ ಪಾಲು ಮೊದಲ ಮಾರಾಟದಲ್ಲೇ ಸಂದಿದೆ. ಪೈರಸಿಯಲ್ಲಿ ಸಾವಿರ ಇದ್ದದ್ದು ಸಾವಿರದ ಒಂದಾಗುತ್ತದೆ, ಆ ಒಂದಕ್ಕೆ ಯಾರೂ ಯಾವತ್ತೂ ಲೇಖಕನಿಗೆ ಕೊಟ್ಟಿಲ್ಲ. ಆಲ್ಸಪ್ ಅವರ ತರ್ಕವೂ ಇಲ್ಲೇ ನಿಂತಿದೆ: ಕಾಗದದ ಪ್ರತಿ ಹೋಯಿತು, ಅದರ ಜಾಗಕ್ಕೆ ಡಿಜಿಟಲ್ ಪ್ರತಿ ಬಂತು, ಲೆಕ್ಕ ಹೆಚ್ಚಲಿಲ್ಲ. ಎರಡೂ ಕಡೆ ಕಾಣುವ ಸೊನ್ನೆ ಒಂದೇ ಥರದ್ದಲ್ಲ. ಒಂದು ಸಂದಾಯವಾದ ಬಾಕಿಯ ಸೊನ್ನೆ, ಇನ್ನೊಂದು ಕೊಡದೇ ಹೋದ ಸಾಲದ ಸೊನ್ನೆ.

ಹಾಡಿನ ಕಥೆ ಬೇರೆ

ಪುಸ್ತಕಕ್ಕಿದ್ದ ಈ ಸಲೀಸು ನಮ್ಮಲ್ಲಿ ಹಾಡಿಗೆ ಇರಲಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1994ರ ತಿದ್ದುಪಡಿಯಲ್ಲಿ, ಧ್ವನಿಮುದ್ರಿಕೆಯ ಯಾವುದೇ ಪ್ರತಿಯನ್ನು, ಅದು ಹಿಂದೆ ಮಾರಾಟವಾಗಿರಲಿ ಬಾಡಿಗೆಗೆ ಹೋಗಿರಲಿ, ಮಾರುವ ಹಕ್ಕು ಹಕ್ಕುದಾರನದು ಎಂದು ಬರೆಯಲಾಯಿತು. ಸಿನಿಮಾಕ್ಕೂ ಹಾಗೆಯೇ. ಕಾಯ್ದೆಯನ್ನು ಅಕ್ಷರಶಃ ಓದಿದರೆ, ಮನೆಯ ಹಳೆ ಕ್ಯಾಸೆಟ್‌ಗಳನ್ನು ಗುಜರಿಗೆ ಮಾರಿದವರೂ ಕಂಪನಿಯ ಅನುಮತಿ ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ಬಿಡಿ. ಆಗ ಕಾನೂನು ರೂಪಿಸಿದವರ ಕಣ್ಣು ಇದ್ದದ್ದು ವಿಡಿಯೊ ಲೈಬ್ರರಿಗಳ ಮೇಲೆ, ಖಾಲಿ ಕ್ಯಾಸೆಟ್‌ಗೆ ಹಾಡು ತುಂಬಿಕೊಡುವ ಅಂಗಡಿಗಳ ಕಾಲ ಅದು. ಬಾಡಿಗೆಗೆ ತಂದದ್ದನ್ನು ರಾತ್ರೋರಾತ್ರಿ ನಕಲು ಮಾಡಿ ಬೆಳಿಗ್ಗೆ ವಾಪಸ್ ಕೊಡುವುದು ಪುಸ್ತಕದಲ್ಲಿ ಕಷ್ಟ, ಕ್ಯಾಸೆಟ್‌ನಲ್ಲಿ ಸುಲಭ. 2012ರ ತಿದ್ದುಪಡಿ ಆ ‘ಹಿಂದೆ ಮಾರಾಟವಾಗಿದ್ದರೂ’ ಎಂಬ ಮಾತನ್ನು ತೆಗೆದು, ಬಾಡಿಗೆಯ ಜಾಗದಲ್ಲಿ ವಾಣಿಜ್ಯ ಬಾಡಿಗೆ ಎಂದು ಹಾಕಿತು. ಆದರೂ ಪುಸ್ತಕಕ್ಕಿರುವಂಥ ‘ಚಲಾವಣೆಯಲ್ಲಿರುವ ಪ್ರತಿಗಳನ್ನು ಬಿಟ್ಟು’ ಎಂಬ ನೇರ ಸಾಲು ಹಾಡಿನ ಭಾಗದಲ್ಲಿ ಇವತ್ತಿಗೂ ಇಲ್ಲ.

ಇನ್ನು ನೈತಿಕತೆಯ ಮಾತು. ಹಳೆ ಕ್ಯಾಸೆಟ್ ಅಥವಾ ಎಲ್‌ಪಿ ಕೊಂಡರೆ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಅನ್ಯಾಯವಾಗುತ್ತದೆ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ಅದೇ ಎಲ್‌ಪಿಯನ್ನು ಆವತ್ತು ಹೊಸದಾಗಿ ಕೊಂಡಿದ್ದರೂ ಅವರಿಗೆ ಹೆಚ್ಚೇನೂ ತಲುಪುತ್ತಿರಲಿಲ್ಲ. ಸಿನಿಮಾಕ್ಕಾಗಿ ದುಡ್ಡು ಕೊಟ್ಟು ಬರೆಸಿದ ಹಾಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕನದು ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತ್ತು. ಸಾಹಿತಿಗೂ ಸಂಗೀತ ನಿರ್ದೇಶಕನಿಗೂ ರೂಢಿಯಲ್ಲಿದ್ದದ್ದು ಒಂದೇ ಸಲದ ಸಂಭಾವನೆ. ಹಾಡುಗಾರರಿಗಂತೂ 1994ರವರೆಗೆ ಕಾನೂನಿನಲ್ಲಿ ಪ್ರತ್ಯೇಕ ಹಕ್ಕೇ ಇರಲಿಲ್ಲ. ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದಾಗ ಪಟ್ಟು ಹಿಡಿದ 2012ರ ತಿದ್ದುಪಡಿಯ ನಂತರವೇ, ರಾಯಲ್ಟಿಯ ಪಾಲನ್ನು ಬರೆದುಕೊಡುವಂತಿಲ್ಲ ಎಂಬ ರಕ್ಷಣೆ ಸಾಹಿತಿಗೂ ಸಂಗೀತ ನಿರ್ದೇಶಕನಿಗೂ ಸಿಕ್ಕಿದ್ದು. 1980ರ ದಶಕದ ಕ್ಯಾಸೆಟ್ಟನ್ನು ಇವತ್ತು ಗುಜರಿಯಲ್ಲಿ ಕೊಳ್ಳುವವರು ಪಾಪಪ್ರಜ್ಞೆ ಪಡಬೇಕಾದ ಕಾರಣ ನನಗಂತೂ ಕಾಣುವುದಿಲ್ಲ. ಅನ್ಯಾಯ ಆಗಿದ್ದರೆ ಅದು ಕ್ಯಾಸೆಟ್ ಅಂಗಡಿಗೆ ಬರುವ ಮೊದಲೇ, ಒಪ್ಪಂದದ ಹಾಳೆಯ ಮೇಲೇ ಆಗಿತ್ತು.

ವಿರೋಧಿಸಿದವರ ವಾದ

ಹಾಗಂತ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯನ್ನು ವಿರೋಧಿಸಿದವರೆಲ್ಲ ದುರಾಸೆಯವರಲ್ಲ. 1993ರಲ್ಲಿ ಅಮೆರಿಕದ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್, ಹಳೆ ಸಿಡಿ ಮಾರುವ ಅಂಗಡಿಗಳಿಗೆ ತನ್ನ ಹೊಸ ಆಲ್ಬಂ ಕೊಡುವುದಿಲ್ಲ ಎಂದು ಕೂತರು. ದೊಡ್ಡ ರೆಕಾರ್ಡ್ ಕಂಪನಿಗಳು ಅಂಥ ಅಂಗಡಿಗಳಿಗೆ ಕೊಡುತ್ತಿದ್ದ ಜಾಹೀರಾತಿನ ಹಣ ನಿಲ್ಲಿಸಿದವು. ಬ್ರೂಕ್ಸ್ ಹೇಳಿದ್ದರಲ್ಲಿ ತಥ್ಯವಿತ್ತು: ಎಲ್‌ಪಿ ಸವೆಯುತ್ತದೆ, ಗೀರು ಬೀಳುತ್ತದೆ, ಆದರೆ ಸಿಡಿ ನಾಲ್ಕನೇ ಕೈಯಲ್ಲೂ ಹೊಸದರಂತೆಯೇ ಹಾಡುತ್ತದೆ. ಹಳತು ಹೊಸದರಷ್ಟೇ ಚೆನ್ನಾಗಿದ್ದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ಅಂಗಡಿಯವರು ಸ್ಪರ್ಧಾ ಕಾನೂನಿನಡಿ ಕೋರ್ಟಿಗೆ ಹೋದರು, ಕಂಪನಿಗಳು ಕೆಲವೇ ತಿಂಗಳಲ್ಲಿ ಹಿಂದೆ ಸರಿದವು.

2002ರಲ್ಲಿ ಲೇಖಕರ ಸರದಿ. ಅಮೆಜಾನ್ ಹೊಸ ಪುಸ್ತಕದ ಪುಟದಲ್ಲೇ, ಬೆಲೆಯ ಪಕ್ಕದಲ್ಲೇ, ಹಳೆ ಪ್ರತಿಯ ಬೆಲೆಯನ್ನೂ ತೋರಿಸತೊಡಗಿದಾಗ ಅಮೆರಿಕದ ಆಥರ್ಸ್ ಗಿಲ್ಡ್ ಸಿಟ್ಟಾಯಿತು. ನಿಮ್ಮ ವೆಬ್‌ಸೈಟಿನಿಂದ ಅಮೆಜಾನ್‌ಗೆ ಕೊಟ್ಟ ಕೊಂಡಿ ತೆಗೆಯಿರಿ ಎಂದು ಸದಸ್ಯರಿಗೆ ಹೇಳಿತು. ಈ ದೂರಿನ ತೂಕ ಎಷ್ಟೆಂದು ಮೂವರು ಸಂಶೋಧಕರು ಲೆಕ್ಕ ಹಾಕಿದರು. ಘೋಷ್, ಸ್ಮಿತ್, ತೆಲಾಂಗ್ ಅವರ 2006ರ ಅಧ್ಯಯನದ ಪ್ರಕಾರ ಅಮೆಜಾನ್‌ನಲ್ಲಿ ಮಾರಾಟವಾದ ಹಳೆ ಪುಸ್ತಕಗಳಲ್ಲಿ ಹೊಸ ಪ್ರತಿಯ ಮಾರಾಟವನ್ನು ನುಂಗಿದ್ದು ಸುಮಾರು ಶೇ. 16 ಮಾತ್ರ. ಉಳಿದ ಶೇ. 84ರಷ್ಟನ್ನು ಕೊಂಡವರು ಹಳತು ಸಿಗದಿದ್ದರೆ ಹೊಸದನ್ನು ಅಲ್ಲಿ ಕೊಳ್ಳುತ್ತಲೇ ಇರಲಿಲ್ಲ.

16 ಸಣ್ಣ ಸಂಖ್ಯೆಯಲ್ಲ. ಆದರೆ ಪ್ರತಿ ಹಳೆ ಪುಸ್ತಕವೂ ಒಂದು ಹೊಸ ಪುಸ್ತಕದ ಕೊಲೆ ಎಂಬ ಆರೋಪಕ್ಕೂ ಇದಕ್ಕೂ ಬಹಳ ದೂರವಿದೆ. ಇನ್ನೊಂದು ಕಡೆಯ ಲೆಕ್ಕವೂ ಇದೆ. ಮುಂದೆ ಮಾರಬಹುದು ಎಂಬ ಧೈರ್ಯವಿದ್ದರೆ ಮೊದಲ ಗಿರಾಕಿ ದುಬಾರಿ ಬೆಲೆ ಕೊಡಲು ಹಿಂಜರಿಯುವುದಿಲ್ಲ. ಬೈಕು, ಕಾರುಗಳಲ್ಲಿ ನಾವು ‘ರೀಸೇಲ್ ವ್ಯಾಲ್ಯೂ’ ಕೇಳಿಯೇ ಕೊಳ್ಳುವುದು. ವೈದ್ಯಕೀಯ, ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇದು ನಿಚ್ಚಳ. ವರ್ಷದ ಕೊನೆಗೆ ಅರ್ಧ ಬೆಲೆಗೆ ಹೋಗುತ್ತದೆ ಎಂದು ಗೊತ್ತಿರುವುದರಿಂದಲೇ ಹುಡುಗರು ದಪ್ಪ ಪುಸ್ತಕ ಕೊಳ್ಳುತ್ತಾರೆ. ಅದಕ್ಕೆ ಪ್ರಕಾಶಕರು ಕಂಡುಕೊಂಡ ಮದ್ದು ಹೊಸ ಆವೃತ್ತಿ: ಅಧ್ಯಾಯಗಳ ಕ್ರಮ ಬದಲು, ಲೆಕ್ಕಗಳ ಸಂಖ್ಯೆ ಬದಲು, ಹಳೆ ಪ್ರತಿ ತರಗತಿಯಲ್ಲಿ ನಿರುಪಯೋಗಿ. ಹಳತರ ಬೆಲೆ ಬಿದ್ದ ಮೇಲೆ ಹೊಸದನ್ನು ಕೊಳ್ಳುವ ಉತ್ಸಾಹವೂ ಬೀಳುತ್ತದೆ. ಹುಡುಗರು ನೇರ ಝೆರಾಕ್ಸ್ ಅಂಗಡಿಗೆ ನಡೆಯುತ್ತಾರೆ.

ಕನ್ನಡದ 200 ರೂಪಾಯಿ

ಅಮೆರಿಕದ ಲೆಕ್ಕವನ್ನು ಎತ್ತಿ ತಂದು ಗಾಂಧಿ ಬಜಾರಿನಲ್ಲಿ ಇಡಲಾಗದು. ಕನ್ನಡದ ಒಂದು ಕಥಾಸಂಕಲನ ಬಹಳ ಕಾಲದಿಂದ ಅಚ್ಚಾಗುತ್ತ ಬಂದದ್ದು ಸಾವಿರ ಪ್ರತಿ. ಈಗ ಬೇಕಾದಷ್ಟೇ ಅಚ್ಚು ಹಾಕುವ ತಂತ್ರ ಬಂದ ಮೇಲೆ ಇನ್ನೂ ಕಡಿಮೆ ಅಚ್ಚು ಹಾಕಿ ನೋಡುವವರೂ ಇದ್ದಾರೆ. ಮುಖಬೆಲೆ 200 ರೂಪಾಯಿ, ರಾಯಲ್ಟಿ ರೂಢಿಯ ಶೇ. 10 ಎಂದಿಟ್ಟುಕೊಳ್ಳಿ. ಒಂದು ಪ್ರತಿಗೆ 20 ರೂಪಾಯಿ. ಸಾವಿರವೂ ಖರ್ಚಾದರೆ 20,000. ಅದು ಖರ್ಚಾಗಲು ಹಿಡಿಯುವುದು ಎಷ್ಟೋ ಸಲ ವರ್ಷಗಳು, ರಾಯಲ್ಟಿಯ ಬದಲು ಪುಸ್ತಕದ ಪ್ರತಿಗಳನ್ನೇ ಕೊಟ್ಟು ಕೈತೊಳೆದುಕೊಳ್ಳುವ ರೂಢಿಯೂ ಇದೆ.

ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಎರಡು ವಿರುದ್ಧ ಪರಿಣಾಮಗಳು ಒಟ್ಟಿಗೇ ಕಾಣುತ್ತವೆ. ಹೋದ ತಿಂಗಳು ಬಿಡುಗಡೆಯಾದ ಪುಸ್ತಕದ 50 ಪ್ರತಿ ಹಳೆ ಪುಸ್ತಕದಂಗಡಿಗೆ ಬಂದರೆ, ಅವನ್ನು ಕೊಳ್ಳುವ 50 ಜನರೇ ಆ ಲೇಖಕನ ಒಟ್ಟು ಓದುಗರ ದೊಡ್ಡ ಪಾಲು. ಅಲ್ಲಿ ಉಳಿಸುವ ನೂರು ರೂಪಾಯಿ ಎರಡನೇ ಮುದ್ರಣವನ್ನು ದೂರ ತಳ್ಳಬಹುದು. ಪ್ರಕಾಶಕ ಮುಂದಿನ ಹಸ್ತಪ್ರತಿಗೆ ‘ಸದ್ಯಕ್ಕೆ ಬೇಡ’ ಎನ್ನಬಹುದು. ಬದುಕಿರುವ ಲೇಖಕ, ಅಂಗಡಿಯಲ್ಲಿ ಹೊಸ ಪ್ರತಿ ಇದೆ, ಕೊಳ್ಳುವವರಿಗೆ ಶಕ್ತಿಯಿದೆ, ಈ ಮೂರೂ ಕೂಡಿದ ಕಡೆ ಮಾತ್ರ ಹೊಸದನ್ನು ಕೊಳ್ಳಬೇಕೆಂಬ ವಾದಕ್ಕೆ ನಿಜವಾದ ಬಲವಿದೆ.

ಆದರೆ ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನ ಮಹಡಿ ಅಂಗಡಿಗಳಲ್ಲೋ ಕೈಗೆ ಬರುವ ಹಳೆ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಈ ಜಾತಿಯವಲ್ಲ. ಅವು ಮರುಮುದ್ರಣವೇ ಆಗದವು. ಕೆಲವಕ್ಕೆ ಪ್ರಕಾಶನವೇ ಮುಚ್ಚಿಹೋಗಿದೆ, ಕೆಲವಕ್ಕೆ ಹಕ್ಕು ಯಾರ ಬಳಿ ಇದೆಯೆಂದು ಮನೆಯವರಿಗೇ ತಿಳಿಯದು. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ. ಬೇಂದ್ರೆಯವರ ಪುಸ್ತಕಗಳಾದರೆ ಸಿಗುತ್ತವೆ. ಅದೇ ವರ್ಷ ತೀರಿಕೊಂಡ, ಎರಡೇ ಕಾದಂಬರಿ ಬರೆದ ಜಿಲ್ಲಾ ಕೇಂದ್ರದ ಲೇಖಕನ ಪುಸ್ತಕವನ್ನು ಆ 60 ವರ್ಷ ಜೀವಂತ ಇಡುವವರು ಯಾರು? ಗೆದ್ದಲು ತಿನ್ನದೆ ಉಳಿದ ಪ್ರತಿಯೊಂದನ್ನು ಚೀಲದಲ್ಲಿ ಹೊತ್ತು ತರುವ ಹಳೆ ಪುಸ್ತಕದ ವ್ಯಾಪಾರಿ. ಸಂಗೀತದಲ್ಲೂ ಹೀಗೇ ನಡೆದಿದೆ. ಕಂಪನಿಗಳು ಎಲ್‌ಪಿಯನ್ನು ಹೆಚ್ಚುಕಮ್ಮಿ ಕೈಬಿಟ್ಟ ವರ್ಷಗಳಲ್ಲಿ ಆ ರುಚಿಯನ್ನು ಕಾಪಾಡಿದ್ದು ಹಳೆ ರೆಕಾರ್ಡಿನ ಅಂಗಡಿಗಳು. 2022ರಲ್ಲಿ ಅಮೆರಿಕದಲ್ಲಿ ಹೊಸ ಎಲ್‌ಪಿಗಳು 4.1 ಕೋಟಿ, ಸಿಡಿಗಳು 3.3 ಕೋಟಿ ಮಾರಾಟವಾದವು. 1987ರ ನಂತರ ಎಲ್‌ಪಿ ಮುಂದೆ ಬಂದದ್ದು ಅದೇ ಮೊದಲು.

ಒಂದೇ ಟಾರ್ಪಾಲಿನ ಮೇಲೆ ಎರಡು ರಾಶಿ

ಫುಟ್‌ಪಾತಿನಲ್ಲಿ ಅಡ್ಡಾಡುವವರಿಗೆ ನಿಜವಾದ ನೈತಿಕ ಪ್ರಶ್ನೆ ಎದುರಾಗುವುದು ಇಲ್ಲಿ. ಒಂದೇ ಟಾರ್ಪಾಲಿನ ಮೇಲೆ ಹಳೆ ಪುಸ್ತಕವೂ ಕಳ್ಳಮುದ್ರಣವೂ ಅಕ್ಕಪಕ್ಕ ಬಿದ್ದಿರುತ್ತವೆ. ಎರಡನ್ನೂ ಜನ ‘ಸೆಕೆಂಡ್ಸ್’ ಎಂದೇ ಕರೆದು ಎತ್ತಿಕೊಳ್ಳುತ್ತಾರೆ.

ಹಳೆಯದಕ್ಕೆ ಹಳೆಯತನದ ಗುರುತುಗಳಿರುತ್ತವೆ. ಮೊದಲ ಪುಟದಲ್ಲಿ ಹೆಸರು, ‘ಮದುವೆಯ ಶುಭಾಶಯಗಳೊಂದಿಗೆ’ ಎಂಬ ಸಾಲು, ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯ ನೇರಳೆ ಮೊಹರು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿ ಮತ್ತೆ ಬರೆದ ಬೆಲೆ. ಕಳ್ಳಮುದ್ರಣ ಹೊಸದಾಗಿ ಹೊಳೆಯುತ್ತದೆ, ಎಷ್ಟೋ ಸಲ ಪ್ಲಾಸ್ಟಿಕ್ ಸುತ್ತಿಕೊಂಡೇ ಇರುತ್ತದೆ. ಒಳಗೆ ಕಾಗದ ಬೂದು, ಅಕ್ಷರ ಒಂದು ಪುಟದಲ್ಲಿ ದಪ್ಪ ಇನ್ನೊಂದರಲ್ಲಿ ಮಾಸಲು, ಸಾಲುಗಳು ಸ್ವಲ್ಪ ವಾಲಿರುತ್ತವೆ. ಸ್ಕ್ಯಾನ್ ಮಾಡುವಾಗ ಜಾರಿದ ಹಾಳೆ ಹಾಗೇ ಅಚ್ಚಾಗಿರುತ್ತದೆ. ಎಲ್ಲಕ್ಕಿಂತ ಖಚಿತ ಗುರುತು ರಾಶಿಯೇ. ಅದೇ ಪುಸ್ತಕದ ಇಪ್ಪತ್ತು ಪ್ರತಿ ಒಂದೇ ಅಳತೆಗೆ ಜೋಡಿಸಿಟ್ಟಿದ್ದರೆ, ಇಪ್ಪತ್ತು ಜನ ಒಂದೇ ವಾರ ಓದಿ ಮುಗಿಸಿ ಮಾರಿದರೆಂದು ನಂಬಬೇಕು.

ಇವೆರಡನ್ನೂ ಒಂದೇ ಎಂದುಕೊಂಡರೆ ಕೆಡುಕು ಎರಡು ಕಡೆಗೂ. ಕಳ್ಳಪ್ರತಿ ಕೊಳ್ಳುವವರಿಗೆ ‘ಹಳೆಯದು ತಾನೆ’ ಎಂಬ ನೆಪ ಸಿಗುತ್ತದೆ. ಕಳ್ಳಮುದ್ರಣದ ಮೇಲೆ ಪೊಲೀಸರು ದಾಳಿ ಮಾಡಿದಾಗ ಪ್ರಾಮಾಣಿಕವಾಗಿ ಹಳೆಯದನ್ನೇ ಮಾರುವವನ ಗಂಟೂ ಅವರ ಜೊತೆ ಎದ್ದುಹೋಗುವ ಅಪಾಯವಿದೆ.

ಮರುಮಾರಾಟವೇ ಇಲ್ಲದ ಅಂಗಡಿ

ಹಳೆ ಪುಸ್ತಕದ ಮಾರುಕಟ್ಟೆ ಇಲ್ಲದಿದ್ದರೆ ಲೇಖಕರು ಸುಖವಾಗಿರುತ್ತಿದ್ದರೇ? ಊಹಿಸಬೇಕಿಲ್ಲ, ಅಂಥ ಮಾರುಕಟ್ಟೆ ಕಣ್ಣೆದುರೇ ಇದೆ. ಇ-ಪುಸ್ತಕ ಮತ್ತು ಸ್ಟ್ರೀಮಿಂಗ್‌ನಲ್ಲಿ ಮರುಮಾರಾಟ ಎಂಬುದೇ ಇಲ್ಲ.

ಪ್ರಯತ್ನಿಸಿದವರು ಸೋತಿದ್ದಾರೆ. ರೀಡಿಜಿ ಎಂಬ ಅಮೆರಿಕದ ಕಂಪನಿ, ದುಡ್ಡು ಕೊಟ್ಟು ಇಳಿಸಿಕೊಂಡ ಹಾಡಿನ ಫೈಲನ್ನು ಮರುಮಾರಾಟ ಮಾಡುವ ವ್ಯವಸ್ಥೆ ಮಾಡಿತು. ಫೈಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಪ್ರತಿ ಹುಟ್ಟಿಯೇ ಹುಟ್ಟುತ್ತದೆ, ಹಳೆಯದನ್ನು ಅಳಿಸಿದರೂ ಅದು ನಕಲೇ ಎಂದು ಕೆಳಕೋರ್ಟು 2013ರಲ್ಲಿ ಹೇಳಿತು. ಮೇಲ್ಮನವಿ ಕೋರ್ಟು 2018ರಲ್ಲಿ ಅದನ್ನೇ ಎತ್ತಿಹಿಡಿಯಿತು. ಇ-ಪುಸ್ತಕಗಳ ಮರುಮಾರಾಟ ಮಾಡುತ್ತಿದ್ದ ನೆದರ್ಲೆಂಡ್ಸ್‌ನ ಟಾಮ್ ಕ್ಯಾಬಿನೆಟ್ ಎಂಬ ಕಂಪನಿಯ ವಿರುದ್ಧ ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಅಂಥದೇ ನಿಲುವು ತಳೆಯಿತು. ಇಲ್ಲೂ ಎಣಿಕೆಯದೇ ಮಾತು, ನೋಡಿ. ಆದರೆ ಒಂದರ ಜಾಗಕ್ಕೆ ಒಂದು ಎಂಬ ಲೆಕ್ಕ ಎಐ ಕಂಪನಿಯ ಸ್ಕ್ಯಾನರಿಗೆ ಸಿಕ್ಕಿತು, ಹಾಡು ಕೊಂಡ ಸಾಮಾನ್ಯ ಕೇಳುಗನಿಗೆ ಸಿಗಲಿಲ್ಲ. ಸ್ಕ್ಯಾನ್ ಆದ ಪ್ರತಿಯನ್ನು ಕಂಪನಿ ಹೊರಗೆ ಮಾರಲಿಲ್ಲ, ರೀಡಿಜಿ ಮಾರಿತು ಎಂಬುದು ಕಾನೂನಿನ ಉತ್ತರ. ಉತ್ತರ ಸರಿ, ಬಾಯಿಗೆ ಸ್ವಲ್ಪ ಕಹಿ.

ಹಾಗಾಗಿ ಆನ್‌ಲೈನಿನಲ್ಲಿ ‘ಖರೀದಿಸಿ’ ಗುಂಡಿ ಒತ್ತಿದಾಗ ನಮಗೆ ಸಿಗುವುದು ಓದುವ ಪರವಾನಗಿ. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳದೆ ಆ ಪದ ಬಳಸುವಂತಿಲ್ಲ ಎಂಬ ಕಾನೂನು 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಯಲ್ಲಿದೆ. ಮಾರುವ ಹಕ್ಕು, ಎರವಲು ಕೊಡುವ ಹಕ್ಕು, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು ಒಟ್ಟಿಗೇ ಹೋಯಿತು. ಪ್ರತಿ ಓದಿಗೂ, ಪ್ರತಿ ಕೇಳುವಿಕೆಗೂ ಲೆಕ್ಕ ಇಡಬಲ್ಲ ಈ ಲೋಕದಲ್ಲಿ ಬರೆದವರ, ಹಾಡಿದವರ ಕೈ ತುಂಬಬೇಕಿತ್ತು. ಸ್ಟ್ರೀಮಿಂಗ್‌ನ ಪಾಲು ಸಾಲದೆಂದು ಸಂಗೀತಗಾರರು ಇಂದಿಗೂ ದೂರುತ್ತಲೇ ಇದ್ದಾರೆ. ಮರುಮಾರಾಟ ನಿಂತಾಗ ಬಲ ಬಂದದ್ದು ವೇದಿಕೆ ನಡೆಸುವವರಿಗೆ.

ಪಾಲು ಕೊಡುವ ದಾರಿಗಳು

ಮರುಮಾರಾಟದಲ್ಲಿ ಸೃಷ್ಟಿಸಿದವರಿಗೆ ಪಾಲು ಎಂಬುದು ನಮ್ಮ ಕಾನೂನಿಗೆ ಹೊಸ ಕಲ್ಪನೆಯಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 53ಎ ಸೆಕ್ಷನ್ ಪ್ರಕಾರ, ಮೂಲ ಚಿತ್ರ, ಶಿಲ್ಪ ಅಥವಾ ಸಾಹಿತ್ಯ ಕೃತಿಯ ಮೂಲ ಹಸ್ತಪ್ರತಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕರ್ತೃವಿಗೆ ಶೇ. 10 ಮೀರದ ಪಾಲು ಸಲ್ಲಬೇಕು. ಅಚ್ಚಿನ ಪುಸ್ತಕಕ್ಕೆ ಇದನ್ನು ಹಿಗ್ಗಿಸುವುದು ಚಂದ ಕಾಣುತ್ತದೆ, ನಡೆಯುವುದಿಲ್ಲ. 50 ರೂಪಾಯಿಯ ಪುಸ್ತಕದ 5 ರೂಪಾಯಿ ಪಾಲನ್ನು ರಸ್ತೆಬದಿಯ ವ್ಯಾಪಾರಿಯಿಂದ ವಸೂಲಿ ಮಾಡಿ, ಲೇಖಕರನ್ನು ಹುಡುಕಿ ತಲುಪಿಸುವ ಖರ್ಚು ಐವತ್ತನ್ನೂ ಮೀರುತ್ತದೆ.

ಬ್ರಿಟನ್ನಿನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ವರ್ಲ್ಡ್ ಆಫ್ ಬುಕ್ಸ್, ಬುಕ್‌ಬಾರ್ನ್ ಎಂಬ ಹಳೆ ಪುಸ್ತಕದ ದೊಡ್ಡ ವ್ಯಾಪಾರಿಗಳು 2021ರಲ್ಲಿ ಆಥರ್‌ಶೇರ್ ಎಂಬ ನಿಧಿ ಮಾಡಿ, ತಮ್ಮ ಮಾರಾಟದಿಂದ ಲೇಖಕರಿಗೆ ಸ್ವಇಚ್ಛೆಯಿಂದ ಒಂದು ಪಾಲು ಕೊಡತೊಡಗಿದರು. ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗುವ ದೊಡ್ಡ ಗೋದಾಮಿನ ವ್ಯಾಪಾರಕ್ಕೆ ಅದು ಸಾಧ್ಯ.

ಇದಕ್ಕಿಂತ ಗಟ್ಟಿಯಾದದ್ದು ಗ್ರಂಥಾಲಯದ ಎರವಲಿಗೆ ಲೇಖಕರಿಗೆ ಸರ್ಕಾರವೇ ಹಣ ಕೊಡುವ ಪದ್ಧತಿ. ಡೆನ್ಮಾರ್ಕ್ 1946ರಲ್ಲೇ ಶುರುಮಾಡಿತು. ಬ್ರಿಟನ್ 1979ರಲ್ಲಿ ಕಾಯ್ದೆ ಮಾಡಿತು, 1984ರಲ್ಲಿ ಮೊದಲ ಪಾವತಿ ಆಯಿತು. ಒಂದೇ ಪ್ರತಿ ನೂರು ಜನರ ಕೈ ದಾಟಿದರೂ ಲೇಖಕನಿಗೆ ಅಲ್ಲಿ ಏನಾದರೂ ಸಿಗುತ್ತದೆ, ಓದುಗರಿಗೆ ಬಿಟ್ಟಿ ಓದು ತಪ್ಪುವುದಿಲ್ಲ. ಭಾರತದಲ್ಲಿ ಇಂಥದೊಂದು ಇಲ್ಲ. ಆದರೆ ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರವಿದೆ. ಮನೆ ಇರುವ ಪ್ರತಿ ಬೆಂಗಳೂರಿಗನೂ, ಪುಸ್ತಕ ಮುಟ್ಟದಿದ್ದರೂ, ಪುಸ್ತಕಕ್ಕೆಂದು ದುಡ್ಡು ಕೊಡುತ್ತಿದ್ದಾನೆ. ಆ ಹಣದಿಂದ ಆಗುವ ಸಗಟು ಖರೀದಿಯೇ ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಮುದ್ರಣಕ್ಕೆ ಆಧಾರ. ಖರೀದಿಯ ಆದೇಶ ತಡವಾದ ವರ್ಷ, ಬಿಲ್ಲು ಪಾಸಾಗದ ವರ್ಷ, ಪ್ರಕಾಶಕ ಮುದ್ರಣ ಕಡಿಮೆ ಮಾಡುತ್ತಾನೆ, ಲೇಖಕನ ರಾಯಲ್ಟಿ ಅದರ ಹಿಂದೆಯೇ ಕುಗ್ಗುತ್ತದೆ. ಅವೆನ್ಯೂ ರಸ್ತೆಯ ಅಷ್ಟೂ ಟಾರ್ಪಾಲುಗಳನ್ನು ಮಡಚಿಟ್ಟರೂ ತುಂಬಿಕೊಡಲಾಗದ ಕೊರತೆ ಅದು.